ಐದು ಸೆಂಟಿಮೀಟರ್ ಅಂದರೆ ಎಷ್ಟು?

ನನ್ನ ಬಿಳಿ ಕೋಟಿನ ಜೇಬಿನಲ್ಲಿ ಒಂದು ಟೇಪು ಇರುತ್ತದೆ. ಟೈಲರುಗಳು ಕತ್ತಿಗೆ ನೇತುಹಾಕಿಕೊಳ್ಳುತ್ತಾರಲ್ಲ, ಅದೇ ಹಳದಿ ಟೇಪು. ಆಸ್ಪತ್ರೆಯ ಸಿಬ್ಬಂದಿಗೆ ಹೃದಯ, ಉಸಿರು ನಿಂತವರಿಗೆ ಕೊಡುವ ಮೊದಲ ನೆರವಿನ, ಅಂದರೆ ಬಿಎಲ್‌ಎಸ್ ಪರೀಕ್ಷೆ ಇರುವ ದಿನ ಉತ್ತರ ಪತ್ರಿಕೆಗಳನ್ನೆಲ್ಲ ವಾಪಸ್ ಪಡೆದ ಮೇಲೆ ಒಂದು ಪ್ರಶ್ನೆಯನ್ನು ಬಾಯಲ್ಲಿ ಕೇಳುತ್ತೇನೆ. "ಹೃದಯ ನಿಂತುಹೋದ ದೊಡ್ಡವರ ಎದೆಯನ್ನು ಎಷ್ಟು ಆಳ ಒತ್ತಬೇಕು?" ಕೋಣೆಯಿಡೀ ಒಂದೇ ದನಿ: "ಐದರಿಂದ ಆರು ಸೆಂಟಿಮೀಟರ್, ಮೇಡಂ."

"ಸರಿ. ಐದು ಸೆಂಟಿಮೀಟರ್ ಎಷ್ಟು ಅಂತ ಹೆಬ್ಬೆರಳು, ತೋರುಬೆರಳು ಅಗಲಿಸಿ ತೋರಿಸಿ ನೋಡೋಣ."

ಆಮೇಲೆ ಟೇಪು ಹಿಡಿದು ಒಬ್ಬೊಬ್ಬರ ಹತ್ತಿರ ಹೋಗುತ್ತೇನೆ. ಒಬ್ಬರದು ಮೂರು. ಪಕ್ಕದವರದು ಮೂರೂವರೆ. ಯಾರೋ ಒಬ್ಬ ಬ್ರದರ್ ಎಂಟು ಸೆಂಟಿಮೀಟರ್ ಅಗಲಿಸಿಕೊಂಡು ಕೂತಿರುತ್ತಾರೆ. ಕಾಗದದ ಮೇಲೆ ಎಲ್ಲರದೂ ಸರಿ, ಬೆರಳಲ್ಲಿ ಮಾತ್ರ ಒಬ್ಬೊಬ್ಬರದು ಒಂದೊಂದು ಅಳತೆ. ಒಮ್ಮೆ ಹಿಂದಿನ ಸಾಲಿನಲ್ಲಿದ್ದ ಆಯಮ್ಮ ಒಬ್ಬರು "ಸೆಂಟಿಮೀಟರು ನಮಗೆ ಗೊತ್ತಾಗಲ್ಲ ಮೇಡಂ, ಇಂಚಲ್ಲಿ ಹೇಳಿ" ಅಂದರು. ಎರಡಿಂಚು ಅಂದೆ. "ಎರಡಿಂಚು ಬಾರ್ಡರಾ?" ಎಂದವರೇ ಸೀರೆಯ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದರು. ಅಳೆದು ನೋಡಿದೆ. ಐದಕ್ಕೆ ಒಂದು ಗೆರೆ ಹೆಚ್ಚು, ಅಷ್ಟೇ. ಅಲ್ಲಿಂದೀಚೆಗೆ ನಾನು ಸೆಂಟಿಮೀಟರ್ ಕೇಳುವುದನ್ನೇ ಬಿಟ್ಟಿದ್ದೇನೆ. ಹೆಂಗಸರಿಗೆ ಎರಡಿಂಚು ಬಾರ್ಡರ್, ಗಂಡಸರಿಗೆ ಎರಡಿಂಚು ಪೈಪು. ಬಹುತೇಕ ಎಲ್ಲರ ಬೆರಳೂ ಸರಿಯಾದ ಜಾಗಕ್ಕೇ ಬಂದು ನಿಲ್ಲುತ್ತದೆ.

ನಾನು ಅರಿವಳಿಕೆ ವೈದ್ಯೆ. ಊರ ಜನ ಹೇಳುವ ಹಾಗೆ ಹೇಳಿದರೆ ಮತ್ತು ಬರಿಸುವ ಡಾಕ್ಟರು. ಆಪರೇಷನ್ ಥಿಯೇಟರಿನಲ್ಲಿ ಉಸಿರು, ನಾಡಿ ಕಾಯುವುದು ನಮ್ಮ ಕೆಲಸವಾದ್ದರಿಂದ, ಆಸ್ಪತ್ರೆಯಲ್ಲಿ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವುದನ್ನು, ಕಲಿಸುವ ಹೊಣೆಯೂ ಸಾಮಾನ್ಯವಾಗಿ ನಮ್ಮ ವಿಭಾಗದ ಹೆಗಲಿಗೇ ಬರುತ್ತದೆ. ಕಲಿಸುವುದು ನನಗೆ ಮೊದಲಿಂದಲೂ ಇಷ್ಟ. ಪರೀಕ್ಷೆ ಮಾಡುವುದು ಹಾಗಲ್ಲ. ವರ್ಷಗಟ್ಟಲೆ ಅದನ್ನೊಂದು ಕಾಗದದ ಕೆಲಸ ಅಂತಲೇ ಮಾಡಿಕೊಂಡು ಬಂದೆ. ಇಪ್ಪತ್ತೈದು ಪ್ರಶ್ನೆ, ನಾಲ್ಕು ಆಯ್ಕೆ, ಸರಿ ಉತ್ತರಕ್ಕೆ ಗುರುತು. ಪಾಸಾದವರ ಹೆಸರು ಫೈಲಿಗೆ, ಫೈಲು ಕಪಾಟಿಗೆ. ಆಸ್ಪತ್ರೆಗಳಿಗೆ ಗುಣಮಟ್ಟದ ಮಾನ್ಯತೆ ಕೊಡುವ ಎನ್‌ಎಬಿಎಚ್ ತಪಾಸಣೆಗೆ ಬಂದವರು ಕೇಳಿದರೆ ತೋರಿಸಲು ಅದು ಬೇಕು. ಹಿಂದೆ ನಾನಿದ್ದ ಒಂದು ಆಸ್ಪತ್ರೆಯಲ್ಲಿ ತಪಾಸಣೆಯ ಹಿಂದಿನ ವಾರ ಸರಿ ಉತ್ತರಗಳ ಪಟ್ಟಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹರಿದಾಡಿತ್ತು. ನನಗೆ ಗೊತ್ತಾಗಿತ್ತು. ಗೊತ್ತಾಗಿಯೂ ಸುಮ್ಮನಿದ್ದೆ. ಇವತ್ತಿಗೂ ಆ ಮೌನಕ್ಕಾಗಿ ನನಗೆ ನೋವಿದೆ.

ಅದಾಗಿ ಕೆಲವೇ ದಿನಕ್ಕೆ, ಒಂದು ರಾತ್ರಿ ಎರಡು ಗಂಟೆಗೆ ಡ್ಯೂಟಿ ರೂಮಿನ ಫೋನು ಬಾರಿಸಿತು. ಸರ್ಜಿಕಲ್ ವಾರ್ಡಿನ ಸಿಸ್ಟರ್. "ಮೇಡಂ, ಹನ್ನೊಂದನೇ ಬೆಡ್ಡಿನ ಪೇಷಂಟು ಗ್ಯಾಸ್ಪ್ ಮಾಡ್ತಿದಾರೆ, ಬೇಗ ಬನ್ನಿ." ಮೂರು ಮಹಡಿ ಓಡಿ ಇಳಿದೆ. ವಾರ್ಡಿನಲ್ಲಿ ದೀಪಗಳೆಲ್ಲ ಹತ್ತಿದ್ದವು. ಹಾಸಿಗೆಯ ಸುತ್ತ ನಾಲ್ಕು ಜನ. ಒಬ್ಬರು ಬಿಪಿ ಪಟ್ಟಿ ಸುತ್ತುತ್ತಿದ್ದರು. ಒಬ್ಬರು ಇಸಿಜಿ ತಂತಿಗಳನ್ನು ಬಿಡಿಸುತ್ತಿದ್ದರು. ಇನ್ನೊಬ್ಬರು ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರನ್ನು ತೆಗೆದು ಮತ್ತೊಂದು ಬೆರಳಿಗೆ ಹಾಕಿ ನೋಡುತ್ತಿದ್ದರು. ಫೋನು ಮಾಡಿದ್ದ ಸಿಸ್ಟರ್ ಕೇಸ್‌ಶೀಟ್ ಹಿಡಿದು ಬಾಗಿಲ ಕಡೆಗೇ ನೋಡುತ್ತ ನಿಂತಿದ್ದರು. ಎಲ್ಲರಿಗೂ ಕೈತುಂಬ ಕೆಲಸವಿತ್ತು. ರೋಗಿಯ ಎದೆಯ ಮೇಲೆ ಮಾತ್ರ ಯಾರ ಕೈಯೂ ಇರಲಿಲ್ಲ.

ನಾವು ಅರ್ಧ ಗಂಟೆಗೂ ಮೀರಿ ಒತ್ತಿದೆವು. ರೋಗಿ ಉಳಿಯಲಿಲ್ಲ.

ಬೆಳಗಿನ ಜಾವ ಆ ಸಿಸ್ಟರ್ ಹತ್ತಿರ ಕೂತೆ. ಲಿಖಿತ ಪರೀಕ್ಷೆಯಲ್ಲಿ ಅವರಿಗೆ ಎರಡೇ ಅಂಕ ಹೋಗಿದ್ದು, ನೆನಪಿತ್ತು. ಆ ಪಟ್ಟಿ ನೋಡಿ ಬರೆದವರೂ ಅವರಲ್ಲ, ರಾತ್ರಿ ಪಾಳಿ ಮುಗಿಸಿ ಓದುತ್ತಿದ್ದುದನ್ನು ನಾನೇ ನೋಡಿದ್ದೆ. ಬೈಯಲಿಕ್ಕೆ ನಾನು ಹೋಗಿರಲಿಲ್ಲ, ಅವರು ಹಾಗೆ ತಿಳಿದುಕೊಂಡರು. ತುಂಬ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಒಂದು ಮಾತು ಹೇಳಿದರು. "ಮೇಡಂ, ಏನು ಮಾಡಬೇಕು ಅಂತ ಗೊತ್ತಿತ್ತು. ಆದರೆ ಡಾಕ್ಟರ್ ಹೇಳದೆ ನಾನು ಹೇಗೆ ಎದೆ ಒತ್ತಲಿ? ನಾಡಿ ಇದ್ದು, ನಾನು ಒತ್ತಿ, ಏನಾದರೂ ಆಗಿಬಿಟ್ಟಿದ್ದರೆ?"

ಆ ಇಪ್ಪತ್ತೈದು ಪ್ರಶ್ನೆಗಳಲ್ಲಿ ಎಲ್ಲೂ ನಾವು ಇದನ್ನು ಕೇಳಿರಲಿಲ್ಲ. ಎಷ್ಟು ಆಳ, ಎಷ್ಟು ವೇಗ, ಎಷ್ಟಕ್ಕೆ ಎಷ್ಟು ಉಸಿರು, ಎಲ್ಲ ಕೇಳಿದ್ದೆವು. "ನೀವು ಒಬ್ಬರೇ ಇದ್ದೀರಿ, ಡಾಕ್ಟರು ಬಂದಿಲ್ಲ, ಶುರುಮಾಡುತ್ತೀರಾ?" ಅಂತ ಕೇಳಿರಲಿಲ್ಲ. ಕೇಳಿದ್ದರೂ ಕಾಗದದ ಮೇಲೆ ಎಲ್ಲರೂ ಹೌದು ಅಂತಲೇ ಬರೆಯುತ್ತಿದ್ದರೇನೋ. ಆದರೆ ಔಷಧಿ ಕೊಡುವುದಕ್ಕೆ, ಸಲೈನ್ ಬದಲಿಸುವುದಕ್ಕೆ, ಪ್ರತಿಯೊಂದಕ್ಕೂ ಡಾಕ್ಟರ ಬರಹ ಬೇಕು ಅಂತ ವರ್ಷವಿಡೀ ಕಲಿಸಿದವರು ನಾವೇ. ಈ ಒಂದು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ ಅಂತ ಬಾಯಿಬಿಟ್ಟು ಯಾರೂ ಹೇಳಿರಲಿಲ್ಲ.

ಉತ್ತರ ಗೊತ್ತಿಲ್ಲದಿರುವುದು ಸಣ್ಣ ಸಮಸ್ಯೆ ಅಂತ ನಾನು ಹೇಳುತ್ತಿಲ್ಲ. 2010ರಲ್ಲಿ ಇಂಡಿಯನ್ ಜರ್ನಲ್ ಆಫ್ ಅನೆಸ್ತೀಷಿಯಾದಲ್ಲಿ ಒಂದು ಸಮೀಕ್ಷೆ ಬಂದಿತ್ತು. ವೈದ್ಯಕೀಯ, ದಂತ ಮತ್ತು ನರ್ಸಿಂಗ್ ವಿದ್ಯಾರ್ಥಿಗಳು, ಇಂಟರ್ನ್‌ಗಳು, ವೈದ್ಯರು, ನರ್ಸಿಂಗ್ ಬೋಧಕರು, ಒಟ್ಟು 1,054 ಮಂದಿಗೆ ಬಿಎಲ್‌ಎಸ್ ಬಗ್ಗೆ ಪ್ರಶ್ನೆ ಕೊಟ್ಟಿದ್ದರು. ಎಲ್ಲ ಉತ್ತರ ಸರಿ ಬರೆದವರು ಒಬ್ಬರೂ ಇರಲಿಲ್ಲ. 894 ಮಂದಿಗೆ ಅರ್ಧಕ್ಕಿಂತ ಕಡಿಮೆ ಅಂಕ. ಅದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂದಿತ್ತು, ಇಷ್ಟೂ ಗೊತ್ತಿಲ್ಲವಾ ಇವರಿಗೆ ಅಂತ. ಈಗ ಅದೇ ಅಂಕಿಗಳನ್ನು ನೋಡಿದರೆ ಬೇರೆ ಪ್ರಶ್ನೆ ಏಳುತ್ತದೆ. ಅವರಿಗೆ ಯಾವಾಗ, ಯಾರು, ಎಷ್ಟು ಸಲ ಕಲಿಸಿದ್ದರು? ನಾನು ಎಂಬಿಬಿಎಸ್ ಓದುವಾಗ ಸಿಪಿಆರ್ ಅಭ್ಯಾಸದ ಗೊಂಬೆಯ ಎದೆ ಮುಟ್ಟದೆಯೇ ವೈದ್ಯಳಾಗಿ ಹೊರಬಂದವಳು. 2019ರಿಂದ ಹೊಸ ಪಠ್ಯಕ್ರಮದಲ್ಲಿ ಎಂಬಿಬಿಎಸ್ ಸೇರಿದ ಆರಂಭದ ಫೌಂಡೇಷನ್ ಕೋರ್ಸಿನಲ್ಲೇ ಬಿಎಲ್‌ಎಸ್ ಇಟ್ಟಿದ್ದಾರೆ. ತಡವಾದರೂ ಬಂತಲ್ಲ ಎಂಬುದು ನನ್ನ ಸಂತೋಷ.

ತಪ್ಪು ಉತ್ತರಕ್ಕೂ ಒಂದು ವಯಸ್ಸಿರುತ್ತದೆ, ಇದು ನನಗೆ ಅರ್ಥವಾದದ್ದು ಪತ್ರಿಕೆ ತಿದ್ದುತ್ತ ತಿದ್ದುತ್ತ. ನಿವೃತ್ತಿಗೆ ಹತ್ತಿರವಾದ ಸಿಸ್ಟರುಗಳು ಈಗಲೂ "ಹದಿನೈದು ಸಲ ಒತ್ತಿ ಎರಡು ಉಸಿರು" ಅಂತ ಬರೆಯುತ್ತಾರೆ. ಅವರು ಕಲಿತಾಗ ಅದೇ ಸರಿ. ನಾವು ಅನುಸರಿಸುವ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ನಿಯಮದಲ್ಲಿ 2005ರಲ್ಲಿ ಅದು ಮೂವತ್ತಕ್ಕೆ ಎರಡು ಆಯಿತು. ಇಬ್ಬರು ಸೇರಿ ಮಕ್ಕಳಿಗೆ ಮಾಡುವಾಗ ಇವತ್ತಿಗೂ ಹದಿನೈದಕ್ಕೆ ಎರಡೇ. ಇನ್ನು ಕೆಲವರು "ಮೊದಲು ಬಾಯಿ ನೋಡಿ, ಉಸಿರು ಕೊಡಿ, ಆಮೇಲೆ ಎದೆ" ಅನ್ನುತ್ತಾರೆ, ಅಂದರೆ 2010ಕ್ಕಿಂತ ಹಿಂದೆ ಕಲಿತವರು. ಆ ವರ್ಷ ಕ್ರಮ ತಿರುಗಿತು, ಎದೆ ಮೊದಲು ಬಂತು. ನಿಮಿಷಕ್ಕೆ 100ರಿಂದ 120 ಎಂದು ವೇಗಕ್ಕೂ, ಆರು ಸೆಂಟಿಮೀಟರ್ ಎಂದು ಆಳಕ್ಕೂ ಮೇಲಿನ ಮಿತಿ ಬಂದದ್ದು 2015ರಲ್ಲಿ. ಒಂದು ತಪ್ಪು ಉತ್ತರ ನೋಡಿದರೆ, ಆ ವ್ಯಕ್ತಿಗೆ ಕೊನೆಯ ಸಲ ಯಾವಾಗ ಯಾರಾದರೂ ಕಲಿಸಿದ್ದರು ಅಂತ ಹೆಚ್ಚುಕಡಿಮೆ ಹೇಳಿಬಿಡಬಹುದು. ಅಂಥ ಉತ್ತರಕ್ಕೆ ಸೊನ್ನೆ ಹಾಕಿ ಮುಂದೆ ಹೋಗುವುದು ಅವರಿಗೆ ಮಾಡುವ ಅನ್ಯಾಯ.

ಇನ್ನೊಂದು ಪ್ರಶ್ನೆ ನಮ್ಮಲ್ಲಿ ಸದಾ ಕೈಕೊಡುತ್ತಿತ್ತು. "ರೋಗಿಗೆ ಅಗೋನಲ್ ಬ್ರೀದಿಂಗ್ ಇದ್ದರೆ ಏನು ಮಾಡುತ್ತೀರಿ?" ಹೆಚ್ಚಿನವರು ಆಕ್ಸಿಜನ್ ಕೊಡುತ್ತೇವೆ, ಒಂದು ಮಗ್ಗುಲಿಗೆ ಮಲಗಿಸುತ್ತೇವೆ ಎಂದು ಬರೆಯುತ್ತಿದ್ದರು. ಬ್ರೀದಿಂಗ್ ಅಂದಮೇಲೆ ಉಸಿರು ಇದೆ ಅಂತ ತಾನೇ? ಒಂದು ಸಲ ಕನ್ನಡದಲ್ಲಿ ಕೇಳಿದೆ. "ಎಬ್ಬಿಸಿದರೆ ಏಳುತ್ತಿಲ್ಲ. ಮೇಲುಸಿರು ಬಿಡ್ತಿದ್ದಾರೆ. ಏನು ಮಾಡ್ತೀರಿ?" ಕೋಣೆಯಲ್ಲಿ ಯಾರಿಗೂ ವಿವರಣೆ ಬೇಕಾಗಲಿಲ್ಲ. ಮೇಲುಸಿರು ಅಂದರೆ ಏನೆಂದು ಅಜ್ಜಿಯ ಕೊನೆಯ ಗಳಿಗೆಯಲ್ಲಿ ಹಾಸಿಗೆಯ ಪಕ್ಕ ಕೂತವರಿಗೆಲ್ಲ ಗೊತ್ತು. ಮೀನು ದಡಕ್ಕೆ ಬಿದ್ದ ಹಾಗೆ ಬಾಯಿ ಒಮ್ಮೆ ತೆರೆಯುತ್ತದೆ, ದವಡೆ ಅಲ್ಲಾಡುತ್ತದೆ, ಎದೆ ಏರುವುದಿಲ್ಲ. ಹೃದಯ ನಿಂತ ಮೊದಲ ನಿಮಿಷಗಳಲ್ಲಿ ಅನೇಕರಲ್ಲಿ ಇದು ಕಾಣುತ್ತದೆ. ಅದನ್ನು ಉಸಿರಾಟ ಅಂದುಕೊಂಡು ಕಾಯುತ್ತ ನಿಂತರೆ ಆ ನಿಮಿಷಗಳು ಹೋದವು. ಯಾರೂ ಎದೆ ಒತ್ತದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಅವಕಾಶ ಶೇ 7ರಿಂದ 10ರಷ್ಟು ಕುಸಿಯುತ್ತದೆ. ಹನ್ನೊಂದನೇ ಬೆಡ್ಡಿನ ಹತ್ತಿರ ನಡೆದದ್ದೂ ಅದೇ. ಸಿಸ್ಟರ್ ಫೋನಿನಲ್ಲಿ ಗ್ಯಾಸ್ಪ್ ಅಂದರು. ಮೇಲುಸಿರು ಅಂತ ಅವರ ಮನಸ್ಸಿನಲ್ಲಿ ಮೂಡಿದ್ದರೆ ಕೈ ಬೇಗ ಮುಂದೆ ಬರುತ್ತಿತ್ತೇನೋ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಹಾಗಂತ ಕನ್ನಡಕ್ಕೆ ತಿರುಗಿಸಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ, ಇದನ್ನು ಎಣಿಕೆಯಲ್ಲಿ ಕಂಡೆ. ಒಂದು, ಎರಡು, ಮೂರು ಅಂತ ಜೋರಾಗಿ ಎಣಿಸುತ್ತ ಒತ್ತಿ ಅನ್ನುತ್ತೇವೆ. ಹತ್ತರವರೆಗೆ ಲಯ ಚೆನ್ನಾಗಿರುತ್ತದೆ. ಹನ್ನೊಂದು, ಹನ್ನೆರಡು ಬಂದ ಕೂಡಲೇ ಕೈ ನಿಧಾನ. ಹತ್ತೊಂಬತ್ತು, ಇಪ್ಪತ್ತೊಂದು, ಇಪ್ಪತ್ತೆರಡು ಅನ್ನುವಷ್ಟರಲ್ಲಿ ಪದದ ಉದ್ದಕ್ಕೆ ಕೈ ಕಾಯತೊಡಗುತ್ತದೆ. ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ ಒತ್ತಬೇಕಾದ ಕಡೆ ಒಂದೇ ಸಲ ಆಗಿಬಿಡುತ್ತದೆ. ಈಗ ನಾವು ಒಂದರಿಂದ ಹತ್ತು ಎಣಿಸಿ, ಮತ್ತೆ ಒಂದರಿಂದ ಶುರುಮಾಡಿ, ಹೀಗೆ ಮೂರು ಹತ್ತು ಮಾಡುತ್ತೇವೆ. ಸಂತೆಯಲ್ಲಿ ನಿಂಬೆಹಣ್ಣು ಎಣಿಸಿ ಕೊಡುವವರು ಹತ್ತತ್ತರ ಗುಂಪು ಮಾಡುವ ಹಾಗೆ.

ಕತ್ತಿನ ನಾಡಿಯ ವಿಷಯಕ್ಕೆ ಬಂದರೆ, ಅದನ್ನು ಮುಟ್ಟಿ ಹೇಳುವುದು ಡಾಕ್ಟರುಗಳಿಗೂ ಕಷ್ಟ. 1996ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ, ಹೃದಯ ಶಸ್ತ್ರಚಿಕಿತ್ಸೆಗಾಗಿ ಹೃದಯದ ಕೆಲಸವನ್ನು ತಾನೇ ಮಾಡುವ ಬೈಪಾಸ್ ಯಂತ್ರಕ್ಕೆ ಜೋಡಿಸುತ್ತಿದ್ದ ರೋಗಿಗಳ ಕತ್ತು ಮುಟ್ಟಿ ನಾಡಿ ಇದೆಯೋ ಇಲ್ಲವೋ ಹೇಳಿ ಎಂದು ತುರ್ತು ನೆರವಿನ ತರಬೇತಿ ಪಡೆದ 206 ಮಂದಿಯನ್ನು ಕೇಳಿದ್ದರು. ಹೆಚ್ಚಿನವರಿಗೆ ಹತ್ತು ಸೆಕೆಂಡಿನೊಳಗೆ ಒಂದು ನಿರ್ಧಾರಕ್ಕೆ ಬರಲಾಗಲಿಲ್ಲ. ಗಾಬರಿಯಲ್ಲಿ ನಮ್ಮದೇ ಬೆರಳಿನ ನಾಡಿ ಢವಢವ ಹೊಡೆಯುತ್ತಿರುತ್ತದೆ, ಅದನ್ನೇ ರೋಗಿಯದು ಅಂದುಕೊಳ್ಳುತ್ತೇವೆ. ಅದಕ್ಕೇ ಆರೋಗ್ಯ ಸಿಬ್ಬಂದಿಗೆ ನಿಯಮ ಹೀಗಿದೆ: ಹತ್ತು ಸೆಕೆಂಡು ನೋಡಿ, ಖಚಿತವಾಗಿ ಸಿಗಲಿಲ್ಲವೆಂದರೆ ಒತ್ತಲು ಶುರುಮಾಡಿ. ಆ ಸಿಸ್ಟರಿನ ಭಯಕ್ಕೆ ಉತ್ತರ ಇಲ್ಲೇ ಇತ್ತು. ನಾಡಿ ಇದ್ದು ಒತ್ತಿದರೆ ಆಗಬಹುದಾದ ಪೆಟ್ಟು, ನಾಡಿ ಇಲ್ಲದೆ ಒತ್ತದೆ ಬಿಟ್ಟರೆ ಆಗುವುದರ ಮುಂದೆ ಏನೂ ಅಲ್ಲ. ಈ ಮಾತನ್ನು ನಾನು ಪ್ರತಿ ತರಗತಿಯಲ್ಲೂ ಎರಡೆರಡು ಸಲ ಹೇಳುತ್ತೇನೆ.

ಎದೆ ಒತ್ತಿ ರಕ್ತ ಓಡಿಸಬಹುದು ಎಂಬುದು ಸಿಕ್ಕಿದ್ದೂ ಕೈಯ ಭಾರದಿಂದಲೇ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವಿಲಿಯಂ ಕೌವೆನ್‌ಹೋವನ್ ಎಂಬ ಎಲೆಕ್ಟ್ರಿಕಲ್ ಎಂಜಿನಿಯರ್, ಕರೆಂಟು ಕೊಟ್ಟು ಹೃದಯದ ಬಡಿತ ಸರಿಪಡಿಸುವ ಡಿಫಿಬ್ರಿಲೇಟರ್ ಯಂತ್ರದ ಕೆಲಸದಲ್ಲಿದ್ದರು. ನಾಯಿಗಳ ಮೇಲೆ ಪ್ರಯೋಗ ನಡೆಯುವಾಗ, ಭಾರವಾದ ಪ್ಯಾಡಲುಗಳನ್ನು ಎದೆಗೆ ಒತ್ತಿ ಹಿಡಿದ ಗಳಿಗೆಯಲ್ಲಿ, ಕರೆಂಟು ಕೊಡುವ ಮೊದಲೇ ರಕ್ತದೊತ್ತಡ ಸ್ವಲ್ಪ ಏರುವುದನ್ನು ಅವರ ಜತೆಗಿದ್ದ ಗೈ ನಿಕರ್‌ಬಾಕರ್ ಗಮನಿಸಿದರು. ಶಸ್ತ್ರವೈದ್ಯ ಜೇಮ್ಸ್ ಜೂಡ್ ಸೇರಿಕೊಂಡರು. 1960ರಲ್ಲಿ ಮೂವರೂ ಇಪ್ಪತ್ತು ರೋಗಿಗಳ ಅನುಭವವನ್ನು ಪ್ರಕಟಿಸಿದರು. ಯಾರು ಬೇಕಾದರೂ ಎಲ್ಲಿ ಬೇಕಾದರೂ ಇದನ್ನು ಶುರುಮಾಡಬಹುದು, ಎರಡು ಕೈ ಇದ್ದರೆ ಸಾಕು ಎಂಬುದು ಆ ಲೇಖನದ ಸಾರ. ಅಪ್ಪಣೆ ಬೇಕು ಅಂತ ಅವರು ಎಲ್ಲೂ ಬರೆದಿರಲಿಲ್ಲ. ನಾವು ಒತ್ತಿ ಕಲಿಯುವ ಗೊಂಬೆ ಬಂದದ್ದೂ ಅದೇ ವರ್ಷ. ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಮಾಡಿದ್ದು ಅದು.

ಗೊಂಬೆಯನ್ನು ನೆಲದ ಮೇಲೆ ಮಲಗಿಸಿ ಪರೀಕ್ಷೆ ಮಾಡುವುದರಲ್ಲೂ ಒಂದು ಮೋಸವಿದೆ. ನೆಲ ಗಟ್ಟಿ. ಮಂಡಿಯೂರಿ ಕೂತರೆ ಭುಜ ಎದೆಯ ನೇರಕ್ಕೆ ಬರುತ್ತದೆ. ವಾರ್ಡಿನಲ್ಲಿ ಹಾಗಿರುವುದಿಲ್ಲ. ಮಂಚ ಎತ್ತರ, ಸಿಸ್ಟರ್ ಗಿಡ್ಡ. ಮೊಣಕೈ ಬಾಗುತ್ತದೆ, ಬೆನ್ನಿನ ಬಲ ಕೈಗೆ ಇಳಿಯುವುದಿಲ್ಲ. ಫೋಮ್ ಹಾಸಿಗೆಯ ಮೇಲೆ ಎರಡಿಂಚು ಒತ್ತಿದೆವು ಅಂದುಕೊಂಡರೆ ಅದರಲ್ಲೊಂದು ಪಾಲು ಹಾಸಿಗೆಯೇ ತಗ್ಗಿರುತ್ತದೆ. ಬೆನ್ನಿನ ಕೆಳಗೆ ಹಲಗೆ ತೂರಿಸಬೇಕು, ಗಾಳಿ ಹಾಸಿಗೆಯಾದರೆ ಅಂಚಿನಲ್ಲಿ ಸಿಪಿಆರ್ ಅಂತ ಬರೆದಿರುವ ಕೊಂಡಿ ಎಳೆದು ಗಾಳಿ ಬಿಡಬೇಕು. ಆ ಕೊಂಡಿ ಎಲ್ಲಿದೆ ಅಂತ ನಾನು ಕೇಳಿದಾಗ ದಿನವೂ ಆ ಹಾಸಿಗೆ ಒರೆಸುವ ಆಯಮ್ಮನಿಗೆ ಮಾತ್ರ ಗೊತ್ತಿತ್ತು. ಹತ್ತಿ ನಿಲ್ಲಲಿಕ್ಕೆ ಎರಡು ಮೆಟ್ಟಿಲ ಸ್ಟೂಲು ಪ್ರತಿ ವಾರ್ಡಿನಲ್ಲೂ ಇದೆ. ಅದರ ಮೇಲೆ ಯಾರದೋ ಟಿಫಿನ್ ಕ್ಯಾರಿಯರ್, ಫ್ಲಾಸ್ಕು, ಕಿತ್ತಳೆ ಹಣ್ಣಿನ ಚೀಲ. ರೋಗಿಯ ಕಡೆಯವರಿಗೂ ಕೂರಲು ಬೇರೆ ಜಾಗ ಕೊಟ್ಟಿಲ್ಲ ನಾವು, ಅವರನ್ನು ದೂರಿ ಫಲವಿಲ್ಲ.

ಹಾಗಾಗಿ ಈಗ ಪರೀಕ್ಷೆಯನ್ನೇ ವಾರ್ಡಿಗೆ ಒಯ್ದಿದ್ದೇನೆ. ಖಾಲಿ ಮಂಚದ ಮೇಲೆ ಗೊಂಬೆ ಮಲಗಿಸಿ, ಆ ಹೊತ್ತಿಗೆ ಡ್ಯೂಟಿಯಲ್ಲಿ ಇದ್ದವರನ್ನು ಕರೆಯುತ್ತೇನೆ. ಮೊದಲ ಪ್ರಶ್ನೆ: "ಅಂಬು ಎಲ್ಲಿದೆ? ತಂದು ತೋರಿಸಿ." ಅಂಬು ಅಂದರೆ ರೋಗಿಗೆ ಕೈಯಿಂದ ಉಸಿರು ಒತ್ತುವ ಚೀಲ. ಒಂದು ಕಡೆ ತುರ್ತು ಔಷಧಿ, ಸಲಕರಣೆ ಇಡುವ ಗಾಡಿಗೆ, ಅಂದರೆ ಕ್ರ್ಯಾಶ್ ಕಾರ್ಟಿಗೆ ಬೀಗ ಹಾಕಿತ್ತು, ಬೀಗದ ಕೈ ಇನ್‌ಚಾರ್ಜ್ ಸಿಸ್ಟರಿನ ಹತ್ತಿರ, ಇನ್‌ಚಾರ್ಜ್ ಸಿಸ್ಟರ್ ಊಟಕ್ಕೆ. ಔಷಧಿ ಕಾಣೆಯಾದರೆ ಅವರ ಸಂಬಳದಿಂದ ಹಿಡಿಯುತ್ತಾರೆ ಎಂಬ ಭಯಕ್ಕೆ ಹಾಕಿದ ಬೀಗ ಅದು. ಈಗ ಕಿತ್ತರೆ ಕಿತ್ತು ಬರುವ ಪ್ಲಾಸ್ಟಿಕ್ ಸೀಲು ಹಾಕಿಸಿದ್ದೇವೆ. ಲಿಖಿತ ಪ್ರಶ್ನೆಪತ್ರಿಕೆ ಎಷ್ಟೇ ಚೆನ್ನಾಗಿದ್ದರೂ ಈ ಬೀಗ ಅದರಲ್ಲಿ ಕಾಣುತ್ತಿರಲಿಲ್ಲ.

ಒತ್ತುವುದನ್ನು ಯಾಕೆ ನಿಲ್ಲಿಸಬಾರದು ಅಂತ ವಿವರಿಸಲು ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ ಊರಿನ ಬೋರಿಂಗ್ ಪಂಪು. ಹಳ್ಳಿಯಲ್ಲಿ ಬೆಳೆದವರೆಲ್ಲ ಅದನ್ನು ಹೊಡೆದವರೇ. ಮೊದಲ ನಾಲ್ಕಾರು ಹೊಡೆತಕ್ಕೆ ನೀರು ಬರುವುದಿಲ್ಲ, ಕೈಗೆ ಬರೀ ಗಾಳಿಯ ಸದ್ದು. ಆಮೇಲೆ ಧಾರೆ ಬೀಳುತ್ತದೆ. ಕೊಡ ಸರಿಮಾಡಲು ಒಂದು ಗಳಿಗೆ ಕೈಬಿಟ್ಟರೆ ನೀರು ಕೆಳಗಿಳಿದು, ಮತ್ತೆ ಮೊದಲಿಂದ. ಹೃದಯದ ಸ್ವಂತ ರಕ್ತನಾಳಗಳಿಗೆ ರಕ್ತ ನುಗ್ಗುವಷ್ಟು ಒತ್ತಡ ಕಟ್ಟುವುದೂ ಹಾಗೆಯೇ, ಸಾಲಾಗಿ ಹಲವು ಸಲ ಒತ್ತಿದ ಮೇಲೆ. ನಿಲ್ಲಿಸಿದರೆ ಕುಸಿಯುತ್ತದೆ. ಚೆನ್ನಾಗಿ ಒತ್ತಿದರೂ ಸಿಗುವುದು ಸಹಜ ಹರಿವಿನ ಕಾಲುಭಾಗದಿಂದ ಮೂರನೇ ಒಂದು ಭಾಗದವರೆಗೆ ಮಾತ್ರ. ಅಷ್ಟರಲ್ಲಿ ಮತ್ತೆ ಕಳೆದುಕೊಳ್ಳಲು ಏನಿದೆ? ನಿಲ್ಲಿಸಲೇಬೇಕಾಗಿ ಬಂದರೂ ಹತ್ತು ಸೆಕೆಂಡು ಮೀರಬಾರದು. ಪಂಪಿನ ಹಿಡಿ ಪೂರ್ತಿ ಮೇಲೆ ಹೋಗದಿದ್ದರೆ ನೀರು ಬರುತ್ತದೆಯೇ ಅಂತ ಕೇಳಿದರೆ, ಪ್ರತಿ ಸಲ ಎದೆಯನ್ನು ಪೂರ್ತಿ ಮೇಲೇಳಲು ಬಿಡಬೇಕು ಎಂಬುದೂ ಅವರಿಗೇ ಹೊಳೆಯುತ್ತದೆ.

ಪೂರ್ತಿ ಮೇಲೇಳಲು ಬಿಡದಿರುವ ತಪ್ಪು ನನ್ನ ಕೈಯಲ್ಲೂ ಇತ್ತು. ಸಿಬ್ಬಂದಿಯ ಪರೀಕ್ಷೆ ಮಾಡುವ ಮೊದಲು ಡಾಕ್ಟರುಗಳ ಪರೀಕ್ಷೆ ಆಗಬೇಕು ಅಂತ ಹಟ ಹಿಡಿದವಳು ನಾನು, ಆದ್ದರಿಂದ ನಾನೇ ಮೊದಲು ಮಂಡಿಯೂರಿದೆ, ನರ್ಸಿಂಗ್ ಸಿಬ್ಬಂದಿಯ ಎದುರಿಗೇ. ಆಳ, ವೇಗ ಎಲ್ಲ ತೋರಿಸುವ ಗೊಂಬೆ. ವೇಗ ಸರಿ ಇತ್ತು, ಆಳ ಸರಿ ಇತ್ತು. ಮೇಲೆ ಬರುವಾಗ ಅಂಗೈ ಭಾರ ಎದೆಯ ಮೇಲೇ ಉಳಿಯುತ್ತಿತ್ತು. ಒಂದು ನಿಮಿಷ ದಾಟಿದ ಮೇಲೆ ಆಳವೂ ಕಡಿಮೆಯಾಯಿತು, ನನಗೆ ಸುಸ್ತಾದದ್ದೇ ಗೊತ್ತಾಗಲಿಲ್ಲ. ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಿ ಅನ್ನುವುದು ಇದಕ್ಕೇ. ಒತ್ತುವವರಿಗೆ ದಣಿವು ತಿಳಿಯುವ ಮುಂಚೆಯೇ ಕೈ ಸೋತಿರುತ್ತದೆ. ಅಂದು ಪರದೆಯ ಮೇಲಿನ ನನ್ನ ಕೆಂಪು ಗೆರೆಗಳನ್ನು ಎಲ್ಲರೂ ನೋಡಿದರು. ಅದರಿಂದ ಒಳ್ಳೆಯದೇ ಆಯಿತು. ಮುಂದಿನ ವಾರದಿಂದ ತಾವಾಗಿಯೇ "ನಂದೂ ನೋಡಿ ಮೇಡಂ" ಅಂತ ಬರತೊಡಗಿದರು. ಹಿರಿಯ ವೈದ್ಯರಲ್ಲಿ ಕೆಲವರು ಇನ್ನೂ ಬಂದಿಲ್ಲ. ಸರ್ಟಿಫಿಕೇಟ್ ಇದೆ ಅನ್ನುತ್ತಾರೆ. ಕಾರ್ಡಿನ ಅವಧಿ ಎರಡು ವರ್ಷ. ಕೈಯ ಅಭ್ಯಾಸ ಮೂರರಿಂದ ಆರು ತಿಂಗಳಲ್ಲೇ ಮಂಕಾಗತೊಡಗುತ್ತದೆ. ಹೊಲಿಗೆ ಬಿಟ್ಟು ಆರು ತಿಂಗಳಾದವರ ಕೈಗೆ ರೇಷ್ಮೆ ಬ್ಲೌಸು ಕೊಡುತ್ತೇವೆಯೇ ನಾವು?

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಮ್ಮ ರಾಜ್ಯದಲ್ಲಿ ಹೃದಯದ ಮಾತು ಮನೆಮನೆಯ ಮಾತಾಯಿತು. ಅವರಿಗಿನ್ನೂ 46. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ತಜ್ಞರು ನೋಡಿ ಹೇಳುವ, ಹೃದಯಾಘಾತವಾದವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಸಿಗುವ ವ್ಯವಸ್ಥೆ ಬಂತು. 2025ರಲ್ಲಿ ಹಾಸನದಿಂದ ಸಾಲುಸಾಲು ಹೃದಯಾಘಾತದ ಸಾವಿನ ಸುದ್ದಿಗಳು ಬಂದಾಗ ಜನ ಮತ್ತೆ ಕಂಗಾಲಾದರು. ಆ ದಿನಗಳಲ್ಲಿ ನನ್ನನ್ನು ಕಾಲೇಜುಗಳಿಗೆ, ಬ್ಯಾಂಕುಗಳಿಗೆ, ಒಂದು ಮದುವೆ ಛತ್ರಕ್ಕೂ ಸಿಪಿಆರ್ ತೋರಿಸಲು ಕರೆದಿದ್ದರು. ಸಾರ್ವಜನಿಕರಿಗೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವ ಗೊಡವೆ ಬೇಡ, ಎದೆ ಒತ್ತಿದರೆ ಸಾಕು ಅಂತ ಭಾರತೀಯ ಅರಿವಳಿಕೆ ತಜ್ಞರ ಸಂಘ 2017ರಲ್ಲೇ ಕಾಲ್ಸ್ ಎಂಬ ಸರಳ ಕ್ರಮ ರೂಪಿಸಿದೆ. ಹೋದ ಕಡೆಯೆಲ್ಲ ಒಂದು ಪ್ರಶ್ನೆ ಬರುತ್ತಿತ್ತು. "ಆಸ್ಪತ್ರೆಗೆ ತಲುಪಿಸಿಬಿಟ್ಟರೆ ಅಲ್ಲಿ ಎಲ್ಲ ನೋಡ್ಕೊಳ್ತಾರಲ್ವಾ ಡಾಕ್ಟ್ರೇ?" ಹೌದು ಎನ್ನುವಾಗಲೆಲ್ಲ ಹನ್ನೊಂದನೇ ಬೆಡ್ಡು ಕಣ್ಣಮುಂದೆ ಬರುತ್ತಿತ್ತು. ಹೊರಗಿನವರು ನಮ್ಮ ಮೇಲಿಟ್ಟಿರುವ ಆ ನಂಬಿಕೆಗಾಗಿಯಾದರೂ ಒಳಗಿನವರ ಕೈಯನ್ನು ನಾವು ಪ್ರಾಮಾಣಿಕವಾಗಿ ನೋಡಲೇಬೇಕು.

ಈಗಿನ ಆಸ್ಪತ್ರೆಯಲ್ಲಿ ತಿಂಗಳಿಗೊಮ್ಮೆ, ಒಬ್ಬೊಬ್ಬರಿಗೆ ಹತ್ತೇ ನಿಮಿಷ. ಅಂಕ ಬರೆಯುವುದಿಲ್ಲ. ಯಾರ ಹೆಸರೂ ಆಡಳಿತ ಕಚೇರಿಗೆ ಹೋಗುವುದಿಲ್ಲ. ಇದಕ್ಕಾಗಿ ಸಾಕಷ್ಟು ವಾದ ಮಾಡಬೇಕಾಯಿತು. ಫೇಲಾದರೆ ಇನ್‌ಕ್ರಿಮೆಂಟ್ ಹೋಗುತ್ತದೆ ಅಂತ ಹೆದರಿದವರ ಕೈ ಗೊಂಬೆಯ ಮೇಲೂ ನಡುಗುತ್ತದೆ. ವಾರ್ಡಿನ ಗೋಡೆಗೆ ಒಂದು ಹಾಳೆ ಅಂಟಿಸಿದ್ದೇವೆ, ಕನ್ನಡದಲ್ಲಿ, ವೈದ್ಯಕೀಯ ಅಧೀಕ್ಷಕರ ಸಹಿ ಸಮೇತ: ರೋಗಿ ಎಚ್ಚರವಿಲ್ಲದೆ ಉಸಿರಾಡದಿದ್ದರೆ ಅಥವಾ ಮೇಲುಸಿರು ಬಿಡುತ್ತಿದ್ದರೆ, ಮೊದಲು ನೋಡಿದವರು ಕೂಗಿ ಜನ ಕರೆಯಬೇಕು, ಎದೆ ಒತ್ತಲು ಶುರುಮಾಡಬೇಕು, ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ಮೊದಲು ನೋಡಿದವರು ಅಂದರೆ ಆಯಮ್ಮನೂ ಹೌದು, ಟ್ರಾಲಿ ತಳ್ಳುವವರೂ ಹೌದು. ಅವರೆಲ್ಲರಿಗೂ ಪರೀಕ್ಷೆ ಇದೆ.

ಆ ರಾತ್ರಿಯ ಸಿಸ್ಟರ್ ಆಮೇಲೆ ನಾನಿರುವ ಆಸ್ಪತ್ರೆಗೇ ಬಂದು ಸೇರಿದರು. ಹೋದ ಮಳೆಗಾಲದಲ್ಲಿ ಅವರ ವಾರ್ಡಿನಿಂದ ಹೃದಯ ನಿಂತಾಗಿನ ತುರ್ತು ಕರೆ, ಕೋಡ್ ಬ್ಲೂ, ಬಂತು. ಆ ರೋಗಿಯ ಹೃದಯ ಮತ್ತೆ ಹೊಡೆಯಿತು, ಐಸಿಯುನಲ್ಲಿ ಮೂರು ದಿನ ಇದ್ದು ತೀರಿಕೊಂಡರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಬರೆಯಹೊರಟದ್ದು ಅದನ್ನಲ್ಲ. ನಾನು ಓಡಿ ಹೋದಾಗ ಪರದೆ ಎಳೆದಿತ್ತು. ಬ್ರದರ್ ಒಬ್ಬರು ತಲೆಯ ಕಡೆ ಅಂಬು ಹಿಡಿದಿದ್ದರು. ಬೆನ್ನಿನ ಕೆಳಗೆ ಹಲಗೆ ಬಂದಿತ್ತು. ಸ್ಟೂಲಿನ ಮೇಲಿದ್ದ ಫ್ಲಾಸ್ಕು ನೆಲದಲ್ಲಿ ಉರುಳಿ ಕಾಫಿ ಚೆಲ್ಲಿತ್ತು. ಸ್ಟೂಲಿನ ಮೇಲೆ ಸಿಸ್ಟರ್, ಮೊಣಕೈ ನೇರ, ಎಂಟು, ಒಂಬತ್ತು, ಹತ್ತು, ಒಂದು, ಎರಡು. ನಾನು ಬಂದದ್ದು ಕಂಡರೂ ತಲೆ ಎತ್ತಲಿಲ್ಲ.

"ಎರಡು ನಿಮಿಷ ಆಯ್ತು ಮೇಡಂ," ಅಂದರು. "ಕೈ ಬದಲಾಯಿಸಿ, ಬನ್ನಿ."

ನಾನು ಸ್ಟೂಲು ಹತ್ತಿದೆ.